ಬೆನ್ನು ತಿರುಗಿಸಿ ಹೇಳಿದ ಮಾತು

ಮಳೆಗಾಲ ಶುರುವಾದರೆ ನಮ್ಮ ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹಾವು ಕಚ್ಚಿದವರು ಜಾಸ್ತಿ ಬರುತ್ತಾರೆ. ಆ ರಾತ್ರಿ ಬಂದವರು ಗದ್ದೆಗೆ ನೀರು ಕಟ್ಟಲು ಹೋಗಿದ್ದ ರೈತರೊಬ್ಬರು. ಕಚ್ಚಿದ್ದು ಕೊಳಕುಮಂಡಲ. ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟೆವು. ಹೆಪ್ಪುಗಟ್ಟಲಿಲ್ಲ, ಅಂದರೆ ವಿಷ ಮೈಗೇರಿತ್ತು. ಹಾವಿನ ವಿಷಕ್ಕೆ ಕೊಡುವ ಔಷಧಿ ಎಎಸ್‌ವಿಯನ್ನು 10 ವಯಲ್ ಡ್ರಿಪ್‌ನಲ್ಲಿ ಶುರು ಮಾಡಿದೆವು.

ಸ್ವಲ್ಪ ಹೊತ್ತಿಗೇ ಮೈಯೆಲ್ಲ ದದ್ದು ಎದ್ದಿತು, ಉಸಿರಾಟ ಕಷ್ಟವಾಯಿತು. ಎಎಸ್‌ವಿ ಕುದುರೆಯ ರಕ್ತದಿಂದ ತಯಾರಾಗುವ ಔಷಧಿ, ಕೆಲವರ ಮೈಗೆ ಒಗ್ಗುವುದಿಲ್ಲ. ಆಗ ಡ್ರಿಪ್ ನಿಲ್ಲಿಸಿ ಅಡ್ರಿನಲಿನ್ ಕೊಡಬೇಕು. ನಾನು ಪಕ್ಕದ ಬೆಡ್ಡಿನಲ್ಲಿ, ಬೈಕಿನಿಂದ ಬಿದ್ದ ಹುಡುಗನ ತಲೆಗೆ ಹೊಲಿಗೆ ಹಾಕುತ್ತಿದ್ದೆ. ತಿರುಗಿ ನೋಡದೆಯೇ ಕೂಗಿದೆ: "ಡ್ರಿಪ್ ನಿಲ್ಲಿಸಿ, ಅಡ್ರಿನಲಿನ್ ಕೊಡಿ, ಬೇಗ!"

ಯಾರು ಕೊಡಬೇಕು, ಎಷ್ಟು, ಎಲ್ಲಿಗೆ? ಒಂದನ್ನೂ ಹೇಳಲಿಲ್ಲ.

ನನ್ನ ಮನಸ್ಸಿನಲ್ಲಿದ್ದದ್ದು 0.5 ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಆ ವಾರವಷ್ಟೇ ದೊಡ್ಡಾಸ್ಪತ್ರೆಯ ಐಸಿಯುನಿಂದ ಬಂದಿದ್ದ ಸಿಸ್ಟರ್‌ಗೆ ಬೇರೆ ರೂಢಿ. ಎದೆಬಡಿತ ನಿಂತವರಿಗೆ 1 ಮಿಲಿಗ್ರಾಂ, ಅಂದರೆ ಪೂರ್ತಿ ಆಂಪ್ಯೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ), ನೇರ ರಕ್ತನಾಳಕ್ಕೆ ಕೊಟ್ಟು ಅಭ್ಯಾಸ. ಹೃದಯ ಬಡಿಯುತ್ತಿರುವ ಮನುಷ್ಯನಿಗೆ ಹಾಗೆ ಕೊಟ್ಟರೆ ಬಿಪಿ ಒಮ್ಮೆಲೇ ಏರಬಹುದು, ಬಡಿತ ಲಯ ತಪ್ಪಬಹುದು. ರಕ್ತವೇ ಹೆಪ್ಪುಗಟ್ಟದ ಇವರಿಗಂತೂ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯ. ಸಿರಿಂಜ್ ಆಗಲೇ ರಕ್ತನಾಳಕ್ಕೆ ಚುಚ್ಚಿಟ್ಟಿದ್ದ ಕ್ಯಾನುಲಾ ಹತ್ತಿರ ಹೋಗಿತ್ತು. ಟ್ರೇ ಹಿಡಿದು ನಿಂತಿದ್ದ ನರ್ಸಿಂಗ್ ವಿದ್ಯಾರ್ಥಿನಿ ಮೆಲ್ಲಗೆ ಕೇಳಿದಳು: "ಸಿಸ್ಟರ್, ತೊಡೆಗಲ್ವಾ?"

ರೈತರು ಉಳಿದರು.

ಮರುದಿನ ಎಲ್ಲರೂ ಕೂತು ಮಾತಾಡಿದೆವು. ಒಂದಿಬ್ಬರು ಸಿಸ್ಟರ್ ಕಡೆ ಬೆರಳು ತೋರಿಸಿದರು. ತಪ್ಪು ಶುರುವಾಗಿದ್ದು ನನ್ನ ಬಾಯಿಂದ ಎಂದೆ. ಆ ಹುಡುಗಿಯನ್ನು ಕೇಳಿದೆ, "ಯಾಕಮ್ಮ ಅಷ್ಟು ಮೆಲ್ಲಗೆ ಹೇಳಿದೆ?" "ನಾನು ಸ್ಟೂಡೆಂಟ್ ಅಲ್ವಾ ಸರ್," ಅಂದಳು. ಆ ಉತ್ತರ ಇವತ್ತಿಗೂ ನನ್ನನ್ನು ಕಾಡುತ್ತದೆ.

ಅವತ್ತಿನಿಂದ ಔಷಧಿ ಹೇಳುವಾಗ ಮುಖ ನೋಡಿ, ಹೆಸರು ಹಿಡಿದೇ ಹೇಳುತ್ತೇನೆ. ಕೇಳಿಸಿಕೊಂಡವರು ತಿರುಗಿ ಹೇಳಬೇಕು: "ಅಡ್ರಿನಲಿನ್ 0.5 ಮಿಲಿಗ್ರಾಂ, ತೊಡೆಗೆ." ನಾನು "ಹೌದು" ಅಂದ ಮೇಲೆಯೇ ಕೊಡುವುದು. ಕೊಟ್ಟ ಮೇಲೆ "ಕೊಟ್ಟೆ" ಎಂದು ಹೇಳಿ, ಟೈಮ್ ಬರೆಯುವುದು. "ಅರ್ಧ ಕೊಡಿ" ಎಂಬ ಮಾತನ್ನು ಪೂರ್ತಿ ಬಿಟ್ಟೆವು. ಅಡ್ರಿನಲಿನ್ ಆಂಪ್ಯೂಲ್‌ನಲ್ಲಿ 1 ಮಿಲಿಗ್ರಾಂ ಇರುತ್ತದೆ, ನಮ್ಮಲ್ಲಿ ಬರುವ ಇನ್ನೊಂದು ಔಷಧಿ ಅಟ್ರೋಪಿನ್‌ನ ಆಂಪ್ಯೂಲ್‌ನಲ್ಲಿ 0.6. ಅರ್ಧ ಅಂದರೆ ಯಾವುದರ ಅರ್ಧ?

ಕಷ್ಟವಾದದ್ದು ಇನ್ನೊಂದು. ಯಾರಿಗೇ ಅನುಮಾನ ಬಂದರೂ "ಒಂದ್ನಿಮಿಷ" ಅನ್ನಬೇಕು, ಅಂದ ಕೂಡಲೇ ಎಲ್ಲರೂ ಕೈ ನಿಲ್ಲಿಸಬೇಕು ಎಂದು ಗೊತ್ತುಮಾಡಿದೆವು. ವಾರಗಟ್ಟಲೆ ಯಾರೂ ಅನ್ನಲಿಲ್ಲ. ಮೊದಲು ಅಂದವರು ಸ್ಟ್ರೆಚರ್ ತಳ್ಳುವ ಅಣ್ಣ. ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರು, ನಾನು ಎಕ್ಸ್‌ರೇಗೆ ತಪ್ಪು ಮನುಷ್ಯನನ್ನು ಕಳಿಸುತ್ತಿದ್ದೇನೆ ಅನ್ನಿಸಿತ್ತು ಅವರಿಗೆ. ನೋಡಿದರೆ ನಾನು ಕಳಿಸುತ್ತಿದ್ದವರೇ ಸರಿ. ಆದರೂ ಎಲ್ಲರೆದುರು ಅವರಿಗೆ ಥ್ಯಾಂಕ್ಸ್ ಹೇಳಿದೆ. ಅಲ್ಲಿ ಒಂದು ಸಲ ಸಿಡುಕಿದ್ದರೆ ಮತ್ತೆ ಅವರು ಬಾಯಿ ಬಿಡುತ್ತಿರಲಿಲ್ಲ. ಮುಂದಿನ ವಾರ ಸಿಸ್ಟರ್ ಒಬ್ಬರು ಅಂದರು. ಆ ಸಲ ನಾನು ಬರೆದಿದ್ದ ಡೋಸ್ ನಿಜಕ್ಕೂ ತಪ್ಪಾಗಿತ್ತು.

ಬೆಡ್ ಸುತ್ತ ಹತ್ತು ಜನ ಸಂಬಂಧಿಕರು ನಿಂತು ಅಳುವಾಗ ಮಾತ್ರ ತಿರುಗಿ ಹೇಳಿದ್ದು ಕೇಳಿಸುವುದಿಲ್ಲ. ಸದ್ಯಕ್ಕೆ ಆ ಗದ್ದಲದಲ್ಲಿ ಸಿಸ್ಟರ್ ಸಿರಿಂಜ್ ಮತ್ತು ಖಾಲಿ ಆಂಪ್ಯೂಲ್ ಎರಡನ್ನೂ ನನ್ನ ಕಣ್ಣೆದುರು ಹಿಡಿದು ತೋರಿಸುತ್ತಾರೆ. ನಾನು ಓದಿ ತಲೆಯಾಡಿಸುತ್ತೇನೆ.