ಶನಿವಾರ ಚಾರಿಟಿ ಅಂಗಡಿ, ಭಾನುವಾರ ಕಾರ್ ಬೂಟ್

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನಾವೊಂದು ತಪ್ಪು ಮಾಡಿದೆವು. ಬಾಡಿಗೆ ಮನೆಯ ಬೀಗದ ಕೈ ಸಿಕ್ಕ ವಾರವೇ ಎಲ್ಲವನ್ನೂ ಹೊಸದಾಗಿ ಕೊಂಡುಬಿಟ್ಟೆವು. ಸೋಫಾ, ಟೇಬಲ್ ಲ್ಯಾಂಪ್, ಕನ್ನಡಿ, ಪರದೆ, ಗೋಡೆಗೆ ಯಾವುದೋ ಊರಿನ ಸೇತುವೆಯ ಚಿತ್ರ. ಮೊದಲ ಸಂಬಳದಲ್ಲಿ ಮುಕ್ಕಾಲು ಪಾಲು ಹೋಯಿತು. ಇಷ್ಟಾಗಿಯೂ ಮನೆ ಲಾಡ್ಜಿನ ರೂಮಿನ ಹಾಗೇ ಕಾಣುತ್ತಿತ್ತು. ಈಗ ಹನ್ನೊಂದು ವರ್ಷವಾಗಿದೆ. ಅವತ್ತು ಕೊಂಡದ್ದರಲ್ಲಿ ಉಳಿದಿರುವುದು ಪರದೆಯ ಕೋಲು ಮಾತ್ರ.

ಅದಕ್ಕೇ ಹೊಸದಾಗಿ ಬಂದವರು ಕೇಳಿದರೆ ನಾನು ಹೇಳುವುದು ಇಷ್ಟೇ. ಹಾಸಿಗೆ ಹೊಸದು ಕೊಳ್ಳಿ. ಕುಕ್ಕರ್ ಊರಿಂದ ತಂದಿರುತ್ತೀರಿ. ಉಳಿದದ್ದಕ್ಕೆ ಮೂರು ತಿಂಗಳು ಕಾಯಿರಿ, ಶನಿವಾರ ಬೆಳಿಗ್ಗೆ ಒಂದು ಗಟ್ಟಿ ಚೀಲ ಹಿಡಿದು ಊರು ಸುತ್ತಲು ಹೊರಡಿ. ಚೀಲ ಯಾಕೆಂದರೆ ಇಲ್ಲಿ ಅಂಗಡಿಯಲ್ಲಿ ಕೊಡುವ ಪ್ಲಾಸ್ಟಿಕ್ ಚೀಲಕ್ಕೂ ದುಡ್ಡು.

ನಾನಿರುವುದು ರೆಡಿಂಗ್‌ನಲ್ಲಿ. ಇಂಗ್ಲಿಷಿನಲ್ಲಿ ಬರೆದಾಗ 'ಓದು' ಎಂದೇ ಕಾಣುತ್ತದೆ, ಉಚ್ಚಾರ ಮಾತ್ರ ಬೇರೆ. ಆದರೆ ನಾನು ಹೇಳುವುದು ಇಲ್ಲಿಯ ಯಾವ ಊರಿಗಾದರೂ ಹೊಂದುತ್ತದೆ. ಏಕೆಂದರೆ ಪ್ರತಿ ಊರಿನ ಪೇಟೆ ಬೀದಿಯಲ್ಲೂ ನಾಲ್ಕಾರು ಚಾರಿಟಿ ಅಂಗಡಿಗಳಿರುತ್ತವೆ. ಜನ ತಮಗೆ ಬೇಡವಾದ ಬಟ್ಟೆ, ಪುಸ್ತಕ, ಪಿಂಗಾಣಿ ತಂದು ಕೊಡುತ್ತಾರೆ. ಅದನ್ನು ಮಾರಿ ಬಂದ ಹಣ ಆಸ್ಪತ್ರೆಗೋ, ಮಕ್ಕಳ ನೆರವಿಗೋ, ಬರಗಾಲದ ನಾಡಿಗೋ ಹೋಗುತ್ತದೆ. ದಾನವಾಗಿ ಬಂದ ಸಾಮಾನನ್ನೇ ಹೆಚ್ಚಾಗಿ ಮಾರುವ ಚಾರಿಟಿ ಅಂಗಡಿಗೆ ಕಟ್ಟಡ ತೆರಿಗೆಯಲ್ಲಿ 80% ರಿಯಾಯಿತಿ ಇದೆ. ಗಲ್ಲಾದಲ್ಲಿ ಕೂತವರು ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರು. ಹೀಗಾಗಿ ಬೇರೆ ಅಂಗಡಿಗಳು ಮುಚ್ಚಿದ ಬೀದಿಯಲ್ಲೂ ಇವು ನಿಂತಿರುತ್ತವೆ.

ಮೊದಲ ಸಲ ಒಳಗೆ ಹೋಗಲು ಸಂಕೋಚವಾಗುತ್ತದೆ. ನನಗೂ ಆಗಿತ್ತು. ಧಾರವಾಡದಿಂದ ಅತ್ತೆ ಫೋನಿನಲ್ಲೇ ಕೇಳಿದ್ದರು, "ಮಂದಿ ಬಳಸಿ ಬಿಟ್ಟದ್ದು ಮನಿಗೆ ತರ್ತೀ ಏನವಾ?" ನಾನು ಇಂಜಿನಿಯರಿಂಗ್ ಪಾಸಾದದ್ದೇ ಬೆಂಗಳೂರಿನ ಅವೆನ್ಯೂ ರೋಡಿನ ಹಳೇ ಪುಸ್ತಕಗಳಲ್ಲಿ, ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟ ಸಾಲುಗಳನ್ನು ಓದಿ. ಪುಸ್ತಕಕ್ಕೆ ಇಲ್ಲದ ಮೈಲಿಗೆ ಹೂದಾನಿಗೆ ಯಾಕೆ ಅಂತ ಕೇಳಿದೆ. ಅವರು ಮಾತು ಬದಲಿಸಿದರು.

ಈ ಅಂಗಡಿಗಳಲ್ಲಿ ಚೌಕಾಸಿ ಮಾಡಬೇಡಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮವರೊಬ್ಬರು ಎರಡು ಪೌಂಡಿನ ಬಟ್ಟಲಿಗೆ ಒಂದು ಪೌಂಡ್ ಕೇಳಿದಾಗ ಪಕ್ಕದಲ್ಲಿ ನಿಂತಿದ್ದವಳು ನಾನು. ಅಜ್ಜಿಯೊಬ್ಬರು ಬಿಟ್ಟಿ ಕೆಲಸ ಮಾಡುತ್ತಿರುವ ಜಾಗ ಅದು. ಚೌಕಾಸಿಯ ಚಪಲ ತೀರಿಸಿಕೊಳ್ಳಲು ಭಾನುವಾರ ಇದೆ, ಹೇಳುತ್ತೇನೆ. ನೀವೇ ಸಾಮಾನು ಕೊಡಲು ಹೋದಾಗ 'ಗಿಫ್ಟ್ ಏಡ್' ಬೇಕಾ ಅಂತ ಕೇಳುತ್ತಾರೆ. ಇಲ್ಲಿ ತೆರಿಗೆ ಕಟ್ಟುವವರಾದರೆ ಹೂಂ ಅನ್ನಿ. ನಿಮ್ಮ ಸಾಮಾನು ಮಾರಿ ಬಂದ ಪ್ರತಿ ಪೌಂಡಿಗೆ ಸರ್ಕಾರದಿಂದ ಅವರಿಗೆ ಇನ್ನೂ 25 ಪೆನ್ಸ್ ಸಿಗುತ್ತದೆ. ನಿಮ್ಮ ಜೇಬಿನಿಂದ ಮತ್ತೇನೂ ಹೋಗುವುದಿಲ್ಲ.

ಪುಸ್ತಕದ ಮಾತಿಗೆ ಬರೋಣ. ಆಕ್ಸ್‌ಫಾಮ್ ಎಂಬ ದೊಡ್ಡ ಚಾರಿಟಿಗೆ ಪುಸ್ತಕಕ್ಕೆಂದೇ ಬೇರೆ ಅಂಗಡಿಗಳಿವೆ. ಆಕ್ಸ್‌ಫರ್ಡ್‌ನ ಸೇಂಟ್ ಜೈಲ್ಸ್ ಬೀದಿಯದ್ದು ನನಗೆ ಬಲು ಇಷ್ಟ. ಅಲ್ಲಿ ಪುಸ್ತಕ ಬಲ್ಲವರು ಕೂತು ವಿಂಗಡಿಸುತ್ತಾರೆ. ಆದ್ದರಿಂದ ಒಳ್ಳೆಯದು ಸಿಗುತ್ತದೆ, ಆದರೆ ಬೆಲೆಯೂ ತಿಳಿದೇ ಹಾಕಿರುತ್ತಾರೆ. ಅಗ್ಗ ಬೇಕಿದ್ದರೆ ನಿಮ್ಮ ಊರಿನ ಹಾಸ್ಪಿಸ್, ಅಂದರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಸಂಸ್ಥೆ, ನಡೆಸುವ ಸಣ್ಣ ಅಂಗಡಿಯ ಹಿಂದಿನ ಕಪಾಟು ನೋಡಿ. ಮಕ್ಕಳ ಪುಸ್ತಕಕ್ಕಂತೂ ಹೊಸ ಪುಸ್ತಕದಂಗಡಿಗೆ ಹೋಗಲೇಬೇಡಿ. ಇಲ್ಲಿಯ ಮಕ್ಕಳು ಬೇಗ ಬೆಳೆದುಬಿಡುತ್ತಾರೆ, ಪುಸ್ತಕ ಹೊಸದಾಗಿಯೇ ಉಳಿದಿರುತ್ತದೆ. ಸಾರ್ವಜನಿಕ ಗ್ರಂಥಾಲಯಗಳೂ ಆಗಾಗ ಹಳೆಯವನ್ನು ತೆಗೆದು ಮಾರುತ್ತವೆ. ಒಳಗೆ ಮುದ್ರೆ ಇರುತ್ತದೆ ಅಷ್ಟೇ. ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಹಳೇ ಬಂಗಲೆ ನೋಡಲು ಹೋದರೆ ಕುದುರೆ ಲಾಯದ ಕಡೆಗೊಂದು ಸುತ್ತು ಹೊಡೆಯಿರಿ. ಹಲವು ಕಡೆ ಅಲ್ಲೊಂದು ಹಳೇ ಪುಸ್ತಕದ ಕೋಣೆ ಇರುತ್ತದೆ.

ಹಳೇ ಪೆಂಗ್ವಿನ್‌ಗಳ, ಅಂದರೆ ಪೆಂಗ್ವಿನ್ ಪ್ರಕಾಶನದ ಅಗ್ಗದ ಪುಸ್ತಕಗಳ, ರುಚಿ ಹತ್ತಿದರೆ ಬಿಡುವುದಿಲ್ಲ, ಎಚ್ಚರ. 1935ರಲ್ಲಿ ಆರು ಪೆನ್ನಿಗೆ ಒಂದರಂತೆ ಶುರುವಾದವು. ಕಿತ್ತಳೆ ಬಣ್ಣದ ಪಟ್ಟಿಯವು ಕಾದಂಬರಿ, ಹಸಿರಿನವು ಪತ್ತೇದಾರಿ. ಅದೇ ಪ್ರಕಾಶನದ ನೀಲಿ ಹೊದಿಕೆಯ ಪೆಲಿಕನ್ ಮಾಲೆಯ ಮೊದಲ ಸಂಪಾದಕರಲ್ಲಿ ಒಬ್ಬರು ನಮ್ಮ ವಿ.ಕೆ. ಕೃಷ್ಣ ಮೆನನ್, ಮುಂದೆ ರಕ್ಷಣಾ ಮಂತ್ರಿಯಾದವರು. ಇದು ಗೊತ್ತಾದ ಮೇಲೆ ನೀಲಿ ಬೆನ್ನು ಕಂಡಲ್ಲೆಲ್ಲ ಕೈ ಹೋಗುತ್ತದೆ. ನನ್ನ ಕಪಾಟಿನಲ್ಲಿ ಈಗ ಮೂವತ್ತೆಂಟಿವೆ. ಓದಿದ್ದು ಆರು.

ಮನೆ ಅಲಂಕಾರಕ್ಕೆ ಬಂದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಲಾಭದ ವಸ್ತು ಚೌಕಟ್ಟು, ಅಂದರೆ ಫೋಟೋ ಫ್ರೇಮ್. ಮರದ ಒಳ್ಳೆಯ ಫ್ರೇಮ್ ಹೊಸದಾಗಿ ಮಾಡಿಸಲು ಕೊಟ್ಟರೆ ಕಣ್ಣು ಬಾಯಿ ಬಿಡಬೇಕು. ಚಾರಿಟಿ ಅಂಗಡಿಯಲ್ಲಿ ಯಾರಿಗೂ ಬೇಡವಾದ ನಾಯಿ ಚಿತ್ರದ ಜೊತೆ ಮೂರು ನಾಲ್ಕು ಪೌಂಡಿಗೆ ಸಿಗುತ್ತದೆ. ನಾಯಿಯನ್ನು ತೆಗೆದಿಡಿ. ಅಮ್ಮನ ಇಳಕಲ್ ಸೀರೆಯೊಂದು ಮಡಿಕೆಯಲ್ಲೇ ಹರಿದಿತ್ತು. ಸೆರಗಿನ ತೋಪು ತೆನಿಯ ಭಾಗ ಮಾತ್ರ ಗಟ್ಟಿಯಾಗಿತ್ತು. ಅದನ್ನು ಕತ್ತರಿಸಿ ಅಂಥದೊಂದು ಫ್ರೇಮಿಗೆ ಹಾಕಿದೆ. ಮನೆಗೆ ಬಂದ ಇಂಗ್ಲಿಷರು ಮೊದಲು ಕೇಳುವುದು ಅದನ್ನೇ.

ಪಿಂಗಾಣಿ ಕಪ್ಪುಗಳ ವಿಷಯದಲ್ಲಿ ಒಂದು ಮಾತು. ಗುಲಾಬಿ ಹೂವಿನ, ಅಂಚಿಗೆ ಚಿನ್ನದ ಗೆರೆಯ, ಬೆಳಕಿಗೆ ಹಿಡಿದರೆ ಬೆರಳು ಕಾಣುವ ಕಪ್ಪುಗಳು ಬೇಕಾದಷ್ಟು ಸಿಗುತ್ತವೆ. ತಿರುಗಿಸಿ ತಳ ನೋಡಿ, ಕಂಪನಿಯ ಮುದ್ರೆ ಇರುತ್ತದೆ. ಜೊತೆಗೆ 'ಬೋನ್ ಚೈನಾ' ಎಂದಿದ್ದರೆ ಅದು ನಿಜಕ್ಕೂ ಮೂಳೆಯೇ. ದನದ ಮೂಳೆ ಸುಟ್ಟ ಬೂದಿಯನ್ನು ಮಣ್ಣಿಗೆ ಬೆರೆಸಿ ಮಾಡುತ್ತಾರೆ. ಅತ್ತೆ ಬರುವ ಮೊದಲು ನಾನು ಆಸೆಪಟ್ಟು ಆರು ಕಪ್ ತಂದಿಟ್ಟಿದ್ದೆ. ಚಹಾ ಕುಡಿಯುತ್ತಾ, "ಎಷ್ಟ್ ತೆಳ್ಳಗದಾವ, ಏನ್ ಹಾಕಿರ್ತಾರ ಇದಕ್ಕ?" ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರು ಹಿಂತಿರುಗುವವರೆಗೂ ಸ್ಟೀಲ್ ಲೋಟದಲ್ಲೇ ಕುಡಿದರು. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಸ್ಟೋನ್‌ವೇರ್ ನೋಡಿ, ಅದು ಬರೀ ಮಣ್ಣು.

ಮೇಜು, ಕುರ್ಚಿ, ಕಪಾಟಿಗೆ ಬ್ರಿಟಿಷ್ ಹಾರ್ಟ್ ಫೌಂಡೇಶನ್‌ನಂಥ ಚಾರಿಟಿಗಳು ದೊಡ್ಡ ಅಂಗಡಿಗಳನ್ನೇ ಇಟ್ಟಿವೆ. ಸೋಫಾ ಕೊಳ್ಳುವಾಗ ಮೆತ್ತೆಯ ಕೆಳಗೆ ಬೆಂಕಿ ಸುರಕ್ಷತೆಯ ಲೇಬಲ್ ಹೊಲಿದಿದೆಯೇ ನೋಡಿ. 1988ರ ಕಾನೂನಿನಿಂದ ಬಂದದ್ದು. ಆ ಚೀಟಿ ಇಲ್ಲದ ಸೋಫಾವನ್ನು ಚಾರಿಟಿ ಅಂಗಡಿಗಳು ತೆಗೆದುಕೊಳ್ಳುವುದಿಲ್ಲ. ಇವತ್ತು ಅದನ್ನು ಕತ್ತರಿಸಿ ಹಾಕಿದರೆ ನಾಳೆ ಮನೆ ಬಿಡುವಾಗ ಸೋಫಾ ನಿಮ್ಮ ತಲೆಗೇ ಸುತ್ತಿಕೊಳ್ಳುತ್ತದೆ. ಹಳೇ ಹಾಸಿಗೆ ಬೇಡ, ತಿಗಣೆಯ ಭಯ. ಮಗುವಿನ ಕಾರ್ ಸೀಟಂತೂ ಗುರುತಿಲ್ಲದವರಿಂದ ಎಂದೂ ಬೇಡ. ಅಪಘಾತದಲ್ಲಿ ಪೆಟ್ಟು ತಿಂದಿದ್ದರೆ ಹೊರಗೆ ಕಾಣುವುದಿಲ್ಲ. ಮತ್ತೆ ಅಳತೆ ಟೇಪು ಜೊತೆಗಿರಲಿ. ಐಕಿಯಾದ ಬಿಲ್ಲಿ ಕಪಾಟು ಸೆಕೆಂಡ್ ಹ್ಯಾಂಡಿನಲ್ಲಿ ಯಾವಾಗಲೂ ಸಿಗುತ್ತದೆ, ಆದರೆ ಎತ್ತರದ್ದು 202 ಸೆಂಟಿಮೀಟರ್. ನಮ್ಮ ಹಳೇ ಮನೆಯ ಮೆಟ್ಟಿಲ ತಿರುವಿನಲ್ಲಿ ಅಂಥದೊಂದು ಸಿಕ್ಕಿಕೊಂಡು, ನಮ್ಮವರು ಮೇಲೆ, ನಾನು ಕೆಳಗೆ, ಅರ್ಧ ಗಂಟೆ ದಾಂಪತ್ಯದ ಪರೀಕ್ಷೆ ನಡೆಯಿತು.

ಈಗ ಭಾನುವಾರ. ಕಾರ್ ಬೂಟ್ ಸೇಲ್ ಅಂದರೆ ಹೊಲದಲ್ಲೋ ಪಾರ್ಕಿಂಗ್ ಜಾಗದಲ್ಲೋ ಜನ ಕಾರಿನ ಡಿಕ್ಕಿ ತೆರೆದು, ಮಡಿಸುವ ಮೇಜು ಹಾಕಿ ಮನೆಯ ಸಾಮಾನು ಮಾರುವುದು. ನಮ್ಮೂರ ಸಂತೆಯೇ, ಬೆಂಡು ಬತ್ತಾಸಿನ ಬದಲು ಬರ್ಗರ್ ವಾಸನೆ. ಬಯಲಲ್ಲಿ ನಡೆಯುವುದರಿಂದ ಹೆಚ್ಚಿನವು ವಸಂತದಿಂದ ಬೇಸಿಗೆ ಮುಗಿಯುವ ತನಕ ಮಾತ್ರ. ರಾತ್ರಿ ಮಳೆ ಬಂದಿದ್ದರೆ ನಡೆಯುತ್ತದೋ ಇಲ್ಲವೋ ನೋಡಿಕೊಂಡು ಹೊರಡಿ. ಬೆಳಗಿನ ಏಳಕ್ಕೆ ಹೋದರೆ ಒಳ್ಳೆಯ ಮಾಲು. ಹನ್ನೊಂದಕ್ಕೆ ಹೋದರೆ ಅಗ್ಗದ ಮಾಲು, ಆಗ ಅವರಿಗೆ ಮತ್ತೆ ಕಾರಿಗೆ ತುಂಬಲು ಬೇಸರವಾಗಿರುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಚಿಲ್ಲರೆ ಕಾಸು ತುಂಬಿಕೊಂಡು ಹೋಗಿ.

ಇಲ್ಲಿ ಚೌಕಾಸಿ ನಡೆಯುತ್ತದೆ, ನಗುನಗುತ್ತಾ. "ಐದಕ್ಕೆ ಹೇಳಿದ್ರಿ, ಮೂರಕ್ಕೆ ಕೊಡ್ತೀರಾ?" ಎಂದರೆ ನಾಲ್ಕಕ್ಕೆ ಬರುತ್ತಾರೆ. ನಮ್ಮ ಸಂತೆಯ ಹಾಗೆ ಬೇಡ ಎಂದು ನಾಲ್ಕು ಹೆಜ್ಜೆ ನಡೆದರೆ ಇಲ್ಲಿ ಯಾರೂ ಹಿಂದಿನಿಂದ ಕೂಗಿ ಕರೆಯುವುದಿಲ್ಲ. ಇದು ನನಗೆ ಅರ್ಥವಾಗಲು ಎರಡು ಬೇಸಿಗೆ ಬೇಕಾಯಿತು.

ನಾನು ಹುಡುಕುವುದು ಹಿತ್ತಾಳೆ. ಭಾರತದಲ್ಲಿ ನೌಕರಿ ಮಾಡಿ ಹಿಂತಿರುಗಿದವರು ತಂದದ್ದು, ಆಮೇಲೆ ಇಲ್ಲಿಗೆ ರಫ್ತಾಗಿ ಬಂದದ್ದು ಎರಡೂ ಸೇರಿ ತಟ್ಟೆ, ಗಂಟೆ, ದೀಪ ಬೇಕಾದಷ್ಟು ಬಿದ್ದಿರುತ್ತವೆ. ಒಂದು ಪುಟ್ಟ ಆಯಸ್ಕಾಂತ ಜೇಬಿನಲ್ಲಿಟ್ಟುಕೊಳ್ಳಿ. ಅಂಟಿಕೊಂಡರೆ ಅದು ಕಬ್ಬಿಣಕ್ಕೆ ಹಿತ್ತಾಳೆಯ ಲೇಪ. ನನ್ನ ಮೊದಲ 'ಹಿತ್ತಾಳೆ' ದೀಪದ ಕಂಬ ಹಾಗೇ ಮೋಸ ಮಾಡಿತು, ಒಂದೇ ಚಳಿಗಾಲದಲ್ಲಿ ತುಕ್ಕು. ಆದರೆ ಹೂದಾನಿ ಅಂತ ಮಾರುತ್ತಿದ್ದ ತಂಬಿಗೆಯೊಂದು ಎರಡು ಪೌಂಡಿಗೆ ಸಿಕ್ಕಿತು. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಅದು ದೇವರ ಮುಂದೆ ಕೂತಿದೆ.

ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ ಕಂಡರೆ ಮಾತ್ರ ನಿಲ್ಲಿ, ತಿಕ್ಕುವ ಮಾತು ಆಡಬೇಡಿ. ಅದು ನಮ್ಮ ಬೀದರಿನ ಬಿದರಿ ಇರಬಹುದು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡುತ್ತಾರೆ. ಆ ಕಪ್ಪೇ ಅದರ ಅಂದ. ಕಳೆದ ಜೂನ್‌ನಲ್ಲಿ ಒಂದು ಡಬ್ಬಿ ಕಂಡೆ. ಮಾರುವವರಿಗೆ ಅದು 'ಏನೋ ಪರ್ಷಿಯನ್'. ಮೂವತ್ತು ಪೌಂಡ್ ಅಂದರು. ಇನ್ನೊಂದು ಸುತ್ತು ಹಾಕಿ ಬಂದು ಕೇಳೋಣ ಅಂತ ಜಾಣತನ ಮಾಡಿದೆ. ಬರುವಷ್ಟರಲ್ಲಿ ಮೇಜಿನ ಮೇಲೆ ಅದರ ಜಾಗ ಖಾಲಿ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ದಿನಪೂರ್ತಿ ಬಿಡುವಿದ್ದರೆ ಲಂಡನ್ನಿಗೆ ಹೋಗಿ. ವಾಟರ್‌ಲೂ ಸೇತುವೆಯ ಕೆಳಗೆ ಉದ್ದ ಮೇಜುಗಳ ಮೇಲೆ ಹಳೇ ಪುಸ್ತಕ ಹರಡಿರುತ್ತಾರೆ. ಮೇಲೆ ಸೇತುವೆ ಇರುವುದರಿಂದ ಮಳೆ ಬಂದರೂ ಚಿಂತೆಯಿಲ್ಲ. ಅಲ್ಲಿಂದ ಅದೇ ಥೇಮ್ಸ್ ದಂಡೆ ಹಿಡಿದು, ನದಿ ದಾಟದೆ, ವೆಸ್ಟ್‌ಮಿನ್‌ಸ್ಟರ್ ಸೇತುವೆ, ಲ್ಯಾಂಬೆತ್ ಸೇತುವೆಗಳನ್ನು ಹಾದು ಅರ್ಧ ಗಂಟೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಅಲ್ಲಿ ನದಿಯ ಪಕ್ಕ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರಿನಲ್ಲಿ ಅನಾವರಣಗೊಂಡದ್ದು. ಕಟ್ಟಿಕೊಂಡು ಹೋದ ಚಿತ್ರಾನ್ನ ತಿನ್ನಲು, ಕೊಂಡ ಪುಸ್ತಕ ತಿರುವಿಹಾಕಲು ಒಳ್ಳೆಯ ಜಾಗ.

ಇನ್ನೂ ದೂರ ಅಂದರೆ ವೇಲ್ಸ್ ಗಡಿಯ ಹೇ-ಆನ್-ವೈ. ಪುಟ್ಟ ಊರು, ತಿರುಗಿದಲ್ಲೆಲ್ಲ ಪುಸ್ತಕದಂಗಡಿ. ಹಳೇ ಪುಸ್ತಕದ ವ್ಯಾಪಾರಿ ರಿಚರ್ಡ್ ಬೂತ್ 1977ರ ಏಪ್ರಿಲ್ 1ರಂದು ಊರನ್ನೇ ಸ್ವತಂತ್ರ ರಾಜ್ಯವೆಂದು ಘೋಷಿಸಿ ತಾನೇ ರಾಜನಾದ. ತಾರೀಖು ನೋಡಿ ನಗಿ. ಕೋಟೆಯ ಹತ್ತಿರ ಬಯಲಲ್ಲೇ ಕಪಾಟುಗಳಿವೆ, ಕಾಯುವವರಿಲ್ಲ, ದುಡ್ಡು ಡಬ್ಬಿಗೆ ಹಾಕಿ ಬರುವುದು. ಮೇ ಕೊನೆಯಲ್ಲಿ ಸಾಹಿತ್ಯ ಉತ್ಸವದ ಜಾತ್ರೆ ಇರುತ್ತದೆ. ಪುಸ್ತಕ ಹುಡುಕುವುದೇ ಮುಖ್ಯವಾದರೆ ಆ ವಾರ ಬಿಟ್ಟು ಹೋಗಿ.

ಎಲ್ಲರೂ ಕೇಳುವ ಪ್ರಶ್ನೆ: ಕನ್ನಡ ಪುಸ್ತಕ ಸಿಗುತ್ತಾ? ಸಿಗುವುದಿಲ್ಲ. ಹನ್ನೊಂದು ವರ್ಷದಲ್ಲಿ ನನಗೆ ಚಾರಿಟಿ ಅಂಗಡಿಯಲ್ಲಿ ಸಿಕ್ಕಿದ್ದು ಒಂದೇ ಒಂದು, ಅದೂ ಹತ್ತು ವರ್ಷ ಹಿಂದಿನ ಪಂಚಾಂಗ. ಕನ್ನಡ ಪುಸ್ತಕ ಬರುವ ದಾರಿ ಬೇರೆ. ಊರಿಗೆ ವಾಪಸ್ ಹೋಗುವ ನಮ್ಮವರು ಹೊರಡುವ ತಿಂಗಳು ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಹಾಕುತ್ತಾರೆ. ಗ್ರೈಂಡರ್, ಇಡ್ಲಿ ಸ್ಟ್ಯಾಂಡ್, ದೇವರ ಮಂಟಪ, ಕೊನೆಗೆ 'ಪುಸ್ತಕ, ಉಚಿತ'. ಗ್ರೈಂಡರಿಗೆ ಹತ್ತು ಜನ ಮುಗಿಬೀಳುತ್ತಾರೆ. ಪುಸ್ತಕಕ್ಕೆ ಒಬ್ಬರು. ನೀವು ಆ ಒಬ್ಬರಾಗಿ.

ಹಾಗೆ ಬಂದ ಒಂದು ರಟ್ಟಿನ ಡಬ್ಬಿ ನಮ್ಮಲ್ಲಿದೆ. ಕಾಗುಣಿತದ ಪುಸ್ತಕ, ನೀತಿ ಕಥೆ, ಪುರಾಣದ ಚಿತ್ರಕಥೆ. ಒಳಪುಟದಲ್ಲಿ ಎರಡು ಮಕ್ಕಳ ಹೆಸರು ಮೊದಲೇ ಇತ್ತು, ಕೆಳಗೆ ನನ್ನ ಮಗಳು ತನ್ನದನ್ನೂ ಸೇರಿಸಿದಳು, ವಟ್ರಸುಳಿ ತಿರುಗುಮುರುಗಾಗಿ. ಈಗ ಅವಳಿಗೆ ಹತ್ತು ದಾಟಿತು. ಬೇಕಾದವರು ಯಾವ ಶನಿವಾರವಾದರೂ ಬಂದು ತೆಗೆದುಕೊಂಡು ಹೋಗಿ. ಚೀಲ ಮಾತ್ರ ನೀವೇ ತನ್ನಿ.