ರೊಬೋಲಾ ವೈನ್: ಎಷ್ಟು ತಣ್ಣಗೆ, ಯಾವುದರ ಜೊತೆ

ಗ್ರೀಸಿನ ಕೆಫಲೋನಿಯಾ ದ್ವೀಪದ ಬಿಳಿ ವೈನ್ ರೊಬೋಲಾ ಕೊಳ್ಳುವವರು ಮೊದಲು ದ್ರಾಕ್ಷಿ ಕೊಯ್ದ ವರ್ಷ ನೋಡಿ. ಎರಡು-ಮೂರು ವರ್ಷದೊಳಗಿನದೇ ಒಳ್ಳೆಯದು. ಈ ದ್ರಾಕ್ಷಿಯ ರಸ ಗಾಳಿಗೆ ಬೇಗ ಸೋಲುತ್ತದೆ. ಬಣ್ಣ ಕಂದಾಗಿ, ಕತ್ತರಿಸಿಟ್ಟ ಸೇಬಿನ ವಾಸನೆ ಬಂದರೆ ಬಾಟಲಿ ಕೆಟ್ಟಿದೆ ಅಂತಲೇ ಲೆಕ್ಕ.

ಐನೋಸ್ ಬೆಟ್ಟದ ತಪ್ಪಲಿನ ಸುಣ್ಣಕಲ್ಲಿನ ಬಡ ನೆಲ, ಎತ್ತರದ ತಂಪು: ನಿಂಬೆಯಂಥ ಹುಳಿ, ಒದ್ದೆ ಕಲ್ಲಿನಂಥ ರುಚಿ ಇದರ ಗುರುತು. ಆ ರುಚಿ ಸಿಗಬೇಕಾದರೆ 8ರಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಡಿಸಿ. ಫ್ರಿಜ್ ಒಳಗಿನ 4 ಡಿಗ್ರಿಯಿಂದ ನೇರ ಲೋಟಕ್ಕೆ ಸುರಿದರೆ ಬರೀ ಹುಳಿ ಉಳಿಯುತ್ತದೆ, ಪರಿಮಳ ಏಳುವುದೇ ಇಲ್ಲ. ಹೊರಗಿಟ್ಟು 15 ನಿಮಿಷ ಕಾಯಿರಿ. ಬಾಟಲಿ ಇನ್ನೂ ತಣ್ಣಗಾಗಿಲ್ಲ, ಅವಸರವಿದೆ ಎಂದಾದರೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು ಹಾಕಿದ ಬಕೆಟ್‌ನಲ್ಲಿ 15-20 ನಿಮಿಷ ಸಾಕು. ನೀರಿಲ್ಲದ ಬರೀ ಐಸು ಬಾಟಲಿಗೆ ಸರಿಯಾಗಿ ತಾಗದು, ಹಾಗಾಗಿ ನಿಧಾನ.

ಲೋಟ ಮೂರನೇ ಒಂದು ಭಾಗ ಮಾತ್ರ ತುಂಬಿಸಿ. ಕೆಂಡದಲ್ಲಿ ಸುಟ್ಟ ಮೀನು, ಬೊಂಡಾಸ್ (ಸ್ಕ್ವಿಡ್), ನಿಂಬೆ ಹಿಂಡಿದ ಸಿಗಡಿ ಬಹಳ ಚೆನ್ನಾಗಿ ಹೊಂದುತ್ತವೆ. ಖಾರದ ಮೀನು ಗಸಿ ಬೇಡ. ಮೆಣಸಿನ ಉರಿಗೆ ಹುಳಿ ಇನ್ನೂ ಒರಟಾಗುತ್ತದೆ. ತೆರೆದ ಬಾಟಲಿಗೆ ಬಿರಡೆ ಹಾಕಿ ಫ್ರಿಜ್‌ನಲ್ಲಿ ನಿಲ್ಲಿಸಿ, ಎರಡು ದಿನದೊಳಗೆ ಮುಗಿಸಿ.