ತಂಡ ಕಟ್ಟುವ ಚಟುವಟಿಕೆ: ಆಟ ಆರಿಸುವ ಮುನ್ನ ತೊಡಕು ಹುಡುಕಿ

ಕಚೇರಿಯ ನೌಕರರಿಗಾಗಿ ತಂಡ ಕಟ್ಟುವ ಚಟುವಟಿಕೆಯೊಂದನ್ನು ಏರ್ಪಡಿಸುವ ಹೊಣೆ ನಿಮ್ಮ ಹೆಗಲಿಗೆ ಬಿದ್ದಿದ್ದರೆ, ಯಾವ ಆಟ ಆಡಿಸುವುದು ಎಂಬ ಪ್ರಶ್ನೆಯನ್ನು ಒಂದು ವಾರದ ಮಟ್ಟಿಗೆ ಬದಿಗಿಡಿ. ಆಟಗಳ ಪಟ್ಟಿ ಹುಡುಕಿದಲ್ಲೆಲ್ಲ ಸಿಗುತ್ತದೆ. ನಿಮ್ಮ ತಂಡದಲ್ಲಿ ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ, ಯಾರ ಮಾತು ಯಾರಿಗೆ ತಲುಪುತ್ತಿಲ್ಲ ಎಂಬುದು ಮಾತ್ರ ಆ ಪಟ್ಟಿಗಳಲ್ಲಿ ಇರುವುದಿಲ್ಲ. ಅದನ್ನು ಅರಿಯದೆ ಆಡಿಸಿದ ಆಟದಿಂದ ಒಂದು ಮಧ್ಯಾಹ್ನ ಸಂತೋಷವಾಗಿ ಕಳೆದೀತು, ಮರುದಿನದ ಕೆಲಸ ಮಾತ್ರ ಹಿಂದಿನಂತೆಯೇ ನಡೆಯುತ್ತದೆ.

ಮೊದಲು ಒಬ್ಬೊಬ್ಬರನ್ನೇ ಕೇಳಿ

ತಂಡದ ಪ್ರತಿಯೊಬ್ಬರೊಂದಿಗೂ 10-15 ನಿಮಿಷ ಪ್ರತ್ಯೇಕವಾಗಿ ಕುಳಿತು ಮಾತನಾಡಿ. ‘ತಂಡದಲ್ಲಿ ಹೊಂದಾಣಿಕೆ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವಷ್ಟೇ ಬರುತ್ತದೆ. ಅದರ ಬದಲು, ‘ಕಳೆದ ತಿಂಗಳು ಯಾವ ಕೆಲಸವನ್ನು ಎರಡು ಸಲ ಮಾಡಬೇಕಾಯಿತು?’ ಎಂದೋ, ‘ಕೇಳಬೇಕೆಂದು ಅನ್ನಿಸಿಯೂ ಕೇಳದೆ ಸುಮ್ಮನಾದದ್ದು ಯಾವಾಗ?’ ಎಂದೋ ಕೇಳಿ ನೋಡಿ. ಐದಾರು ಜನರೊಂದಿಗೆ ಮಾತನಾಡುವಷ್ಟರಲ್ಲಿ ತೊಡಕಿನ ಸ್ವರೂಪ ಕಾಣತೊಡಗುತ್ತದೆ: ಜನ ಒಬ್ಬರನ್ನೊಬ್ಬರು ಇನ್ನೂ ಸರಿಯಾಗಿ ಅರಿತಿಲ್ಲ, ಅಥವಾ ಕೆಲಸ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಮಾಹಿತಿ ಸೋರಿಹೋಗುತ್ತಿದೆ, ಅಥವಾ ಮೀಟಿಂಗಿನಲ್ಲಿ ಇಬ್ಬರೇ ಮಾತನಾಡಿ ಉಳಿದವರು ತಲೆಯಾಡಿಸುತ್ತಿದ್ದಾರೆ.

ತಂಡದ ವಯಸ್ಸನ್ನೂ ಗಮನಿಸಬೇಕು. ಅಮೆರಿಕದ ಮನೋವಿಜ್ಞಾನಿ ಬ್ರೂಸ್ ಟಕ್‌ಮನ್ 1965ರಲ್ಲಿ ಗುಂಪುಗಳ ಬೆಳವಣಿಗೆಯನ್ನು ನಾಲ್ಕು ಹಂತಗಳಲ್ಲಿ ವಿವರಿಸಿದರು: ಕೂಡುವುದು, ತಿಕ್ಕಾಟ, ರೀತಿನೀತಿಗಳು ನೆಲೆಗೊಳ್ಳುವುದು, ಒಟ್ಟಾಗಿ ದುಡಿಯುವುದು. ಈಗಷ್ಟೇ ಕೂಡಿದ ತಂಡಕ್ಕೆ ಪರಿಚಯದ ಚಟುವಟಿಕೆ ಸಾಕು. ತಿಕ್ಕಾಟದ ಹಂತದಲ್ಲಿರುವ ತಂಡಕ್ಕೆ ಅದನ್ನೇ ಮಾಡಿಸಿದರೆ, ತಮ್ಮ ನಿಜವಾದ ಕಷ್ಟವನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ ಎಂದು ಜನ ಇನ್ನಷ್ಟು ಬೇಸರಗೊಳ್ಳುತ್ತಾರೆ.

ಗುಂಪು ಚಿಕ್ಕದಿರಲಿ, ಪೈಪೋಟಿ ಕಡಿಮೆಯಿರಲಿ

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಅವರು ಹಾಕುವ ಬಲವನ್ನು ಅಳೆದು, 1913ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಳೆಯುವವರ ಸಂಖ್ಯೆ ಹೆಚ್ಚಿದಂತೆ ತಲಾ ಒಬ್ಬರು ಹಾಕುವ ಬಲ ಕಡಿಮೆಯಾಗುತ್ತಿತ್ತು. ಎಲ್ಲರ ಎಳೆತ ಒಂದೇ ಕ್ಷಣಕ್ಕೆ ಕೂಡಿಬಾರದಿರುವುದು ಒಂದು ಕಾರಣವಾದರೆ, ಹೇಗೂ ಉಳಿದವರು ಎಳೆಯುತ್ತಿದ್ದಾರೆ ಎಂಬ ಸಡಿಲಿಕೆ ಇನ್ನೊಂದು ಕಾರಣ. 25 ಜನರ ತಂಡವನ್ನು ಒಂದೇ ವೃತ್ತದಲ್ಲಿ ನಿಲ್ಲಿಸಿ ಆಡಿಸಿದಾಗಲೂ ಇದೇ ಆಗುತ್ತದೆ. ಆದ್ದರಿಂದ ನಾಲ್ಕರಿಂದ ಆರು ಜನರ ಗುಂಪುಗಳನ್ನು ಮಾಡಿ, ಮತ್ತು ದಿನವೂ ಜೊತೆಯಲ್ಲೇ ಕೂರುವವರನ್ನು ಬೇರೆ ಬೇರೆ ಗುಂಪಿಗೆ ಹಾಕಿ.

ವಿಭಾಗಗಳ ನಡುವೆ ಪಂದ್ಯ ಏರ್ಪಡಿಸುವ ಆಸೆಯನ್ನು ನಾನಂತೂ ತಡೆಯಿರಿ ಎನ್ನುತ್ತೇನೆ. ಸಾಮಾಜಿಕ ಮನೋವಿಜ್ಞಾನಿ ಮುಜಫರ್ ಶೆರಿಫ್ ಮತ್ತು ಸಂಗಡಿಗರು 1954ರಲ್ಲಿ ಅಮೆರಿಕದ ಓಕ್ಲಹೋಮದ ಬೇಸಿಗೆ ಶಿಬಿರವೊಂದರಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಸ್ಪರ್ಧೆಗಳನ್ನು ನಡೆಸಿದಾಗ, ಕೆಲವೇ ದಿನಗಳಲ್ಲಿ ಗುಂಪುಗಳ ನಡುವೆ ಹಗೆತನ ಬೆಳೆಯಿತು. ಅವರನ್ನು ಸುಮ್ಮನೆ ಒಟ್ಟಿಗೆ ಸೇರಿಸಿದ್ದರಿಂದ ಅದು ಇಳಿಯಲಿಲ್ಲ. ನಿಂತುಹೋದ ನೀರಿನ ಪೂರೈಕೆಯನ್ನು ಸರಿಪಡಿಸುವಂಥ, ಎರಡೂ ಗುಂಪು ಕೈಜೋಡಿಸದೆ ಆಗದ ಕೆಲಸಗಳು ಎದುರಾದ ಮೇಲೆಯೇ ಇಳಿಯಿತು. ಮಾರಾಟ ವಿಭಾಗಕ್ಕೂ ಲೆಕ್ಕಪತ್ರ ವಿಭಾಗಕ್ಕೂ ಮೊದಲೇ ಮುನಿಸಿದ್ದರೆ, ಅವರಿಬ್ಬರನ್ನೂ ಒಂದೇ ಗುಂಪಿನಲ್ಲಿ ಬೆರೆಸಿ ಒಂದೇ ಗುರಿ ಕೊಡಿ.

ಮಾಹಿತಿ ಸೋರುತ್ತಿದ್ದರೆ: ಬೆನ್ನಿಗೆ ಬೆನ್ನು ಕೊಟ್ಟು ಚಿತ್ರ

ಇದಕ್ಕೆ ಬೇಕಾಗುವುದು ಕಾಗದ, ಪೆನ್ಸಿಲ್ ಮತ್ತು ಎರಡು ಕುರ್ಚಿ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಒಬ್ಬರ ಕೈಯಲ್ಲಿ ಒಂದು ಚೌಕ, ಒಂದು ತ್ರಿಕೋನ, ಎರಡು ವೃತ್ತಗಳಿರುವ ಸರಳ ಚಿತ್ರವಿರುತ್ತದೆ. ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ಚಿತ್ರವಿರುವವರು ಬಾಯಲ್ಲಿ ವಿವರಿಸಬೇಕು, ಹಾಳೆಯಿರುವವರು ಕೇಳಿಸಿಕೊಂಡು ಬಿಡಿಸಬೇಕು. ಮೊದಲ ಸುತ್ತಿನಲ್ಲಿ ಐದು ನಿಮಿಷ, ಬಿಡಿಸುವವರು ಒಂದು ಪ್ರಶ್ನೆಯನ್ನೂ ಕೇಳುವಂತಿಲ್ಲ. ಎರಡನೆಯ ಸುತ್ತಿಗೆ ಬೇರೆ ಚಿತ್ರ, ಅಷ್ಟೇ ಸಮಯ; ಈ ಸಲ ಎಷ್ಟು ಪ್ರಶ್ನೆಗಳನ್ನಾದರೂ ಕೇಳಬಹುದು.

ಮೊದಲ ಸುತ್ತಿನ ಹಾಳೆಗಳನ್ನು ಮೂಲದ ಪಕ್ಕದಲ್ಲಿಟ್ಟು ನೋಡುವಾಗ ಅವಸರ ಮಾಡಬೇಡಿ. ‘ಚೌಕದ ಮೇಲೆ ತ್ರಿಕೋನ ಇದೆ’ ಎಂದು ಒಬ್ಬರು ಹೇಳಿರುತ್ತಾರೆ. ಕೆಲವರು ತ್ರಿಕೋನವನ್ನು ಮನೆಯ ಮಾಡಿನಂತೆ ಚೌಕದ ತಲೆಗೆ ಕೂರಿಸಿರುತ್ತಾರೆ, ಕೆಲವರು ಚೌಕದ ಒಡಲಿನಲ್ಲೇ ಬರೆದಿರುತ್ತಾರೆ, ಒಬ್ಬಿಬ್ಬರು ಎರಡಕ್ಕೂ ನಡುವೆ ಜಾಗ ಬಿಟ್ಟಿರುತ್ತಾರೆ. ‘ಮೇಲೆ’ ಎಂಬ ಪದಕ್ಕೆ ಈ ಮೂರೂ ಅರ್ಥಗಳು ಸಲ್ಲುತ್ತವೆ. ಹೇಳಿದವರದೂ ತಪ್ಪಿಲ್ಲ, ಬಿಡಿಸಿದವರದೂ ತಪ್ಪಿಲ್ಲ. ಆ ಹೊತ್ತಿನಲ್ಲಿ, ‘ನಮ್ಮ ಕೆಲಸದಲ್ಲಿ ಇಂಥ ಪದ ಯಾವುದು?’ ಎಂದು ಕೇಳಿ. ಇಮೇಲಿನಲ್ಲಿ ಬರೆಯುವ ‘ಆದಷ್ಟು ಬೇಗ’ ಎಂಬ ಮಾತು ಒಬ್ಬರಿಗೆ ಇವತ್ತು ಸಂಜೆ, ಇನ್ನೊಬ್ಬರಿಗೆ ಈ ವಾರದೊಳಗೆ ಎಂದು ಅನ್ನಿಸುತ್ತಿತ್ತು ಎಂಬುದು ಹೊರಬಿದ್ದರೆ, ಆ ದಿನದ ಶ್ರಮ ಸಾರ್ಥಕವಾದಂತೆ.

ಎಲ್ಲರ ದನಿ ಕೇಳುತ್ತಿಲ್ಲವಾದರೆ: ಚಂದ್ರನ ಮೇಲಿನ 15 ವಸ್ತುಗಳು

ಗುಂಪಿನ ನಿರ್ಧಾರಗಳ ಬಗ್ಗೆ ಸಂಶೋಧನೆ ಮಾಡಿದ ಜೇ ಹಾಲ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಅಭ್ಯಾಸ ದಶಕಗಳಿಂದ ಬಳಕೆಯಲ್ಲಿದೆ. ಬಾಹ್ಯಾಕಾಶ ನೌಕೆಯೊಂದು ಚಂದ್ರನ ಮೇಲೆ, ತನ್ನ ಮಾತೃನೌಕೆಯಿಂದ ಸುಮಾರು 320 ಕಿ.ಮೀ. ದೂರದಲ್ಲಿ ಕೆಟ್ಟು ಬಿದ್ದಿದೆ. ಉಳಿದಿರುವ 15 ವಸ್ತುಗಳನ್ನು ಅಗತ್ಯದ ಕ್ರಮದಲ್ಲಿ ಜೋಡಿಸಬೇಕು. ಮೊದಲ 10 ನಿಮಿಷ ಪ್ರತಿಯೊಬ್ಬರೂ ಒಂಟಿಯಾಗಿ ಪಟ್ಟಿ ಬರೆಯಲಿ. ನಂತರದ 30 ನಿಮಿಷದಲ್ಲಿ ಗುಂಪು ಒಮ್ಮತದ ಪಟ್ಟಿಯೊಂದನ್ನು ಸಿದ್ಧಪಡಿಸಲಿ. ಕೈ ಎತ್ತಿಸಿ ಮತ ಹಾಕಿಸುವುದು, ಸರಾಸರಿ ತೆಗೆಯುವುದು, ಜಗಳ ಬೇಡವೆಂದು ಬಿಟ್ಟುಕೊಡುವುದು, ಈ ಮೂರೂ ನಿಷಿದ್ಧ ಎಂದು ಮೊದಲೇ ತಿಳಿಸಿ.

ಆಮೇಲೆ ನಾಸಾ ತಜ್ಞರ ಕ್ರಮದೊಂದಿಗೆ ಹೋಲಿಸಿ. ಆಮ್ಲಜನಕದ ಸಿಲಿಂಡರುಗಳು ಮೊದಲು, ನೀರು ಎರಡನೆಯದು, ನಕ್ಷತ್ರಗಳ ನಕ್ಷೆ ಮೂರನೆಯದು. ಚಂದ್ರನಲ್ಲಿ ಉರಿಯಲು ಆಮ್ಲಜನಕವೇ ಇಲ್ಲದ್ದರಿಂದ ಬೆಂಕಿಪೊಟ್ಟಣ ಕಟ್ಟಕಡೆಗೆ ಹೋಗುತ್ತದೆ. ಭೂಮಿಯಂಥ ಕಾಂತಕ್ಷೇತ್ರ ಅಲ್ಲಿಲ್ಲದ್ದರಿಂದ ದಿಕ್ಸೂಚಿ ಅದರ ಹಿಂದಿನ ಸ್ಥಾನದಲ್ಲಿ ನಿಲ್ಲುತ್ತದೆ. ಪ್ರತಿ ವಸ್ತುವಿಗೂ ತಜ್ಞರು ಕೊಟ್ಟ ಸ್ಥಾನಕ್ಕೂ ನೀವು ಕೊಟ್ಟ ಸ್ಥಾನಕ್ಕೂ ಇರುವ ಅಂತರವನ್ನು ಕೂಡಿದರೆ ಅಂಕ ಸಿಗುತ್ತದೆ. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಗುಂಪಿನ ಅಂಕ ಸದಸ್ಯರ ಸರಾಸರಿಗಿಂತ ಉತ್ತಮವಾಗಿದೆಯೇ ಎಂಬುದು ಮೊದಲ ಪ್ರಶ್ನೆ. ಅದಕ್ಕಿಂತ ಮುಖ್ಯವಾದದ್ದು, ಒಂಟಿಯಾಗಿ ಬರೆದಾಗ ಗುಂಪಿಗಿಂತ ಒಳ್ಳೆಯ ಅಂಕ ಪಡೆದವರು ಯಾರಾದರೂ ಇದ್ದಾರೆಯೇ ಎಂಬುದು. ಇದ್ದರೆ, ಸರಿಯಾದ ಉತ್ತರ ಆ ಮೇಜಿನಲ್ಲೇ ಇತ್ತು, ಗುಂಪು ಅದನ್ನು ಬಳಸಿಕೊಳ್ಳಲಿಲ್ಲ. ಅವರು ಹೇಳಲಿಲ್ಲವೋ, ಹೇಳಿದರೂ ಯಾರೂ ಕೇಳಲಿಲ್ಲವೋ ಎಂಬುದನ್ನು ಗುಂಪೇ ನೆನಪಿಸಿಕೊಳ್ಳಲಿ.

ತಪ್ಪು ಮಾತನಾಡಿದರೆ ಮುಖಭಂಗವಾದೀತು ಎಂಬ ಭಯವಿಲ್ಲದಿರುವುದನ್ನು ಸಂಶೋಧಕಿ ಏಮಿ ಎಡ್ಮಂಡ್‌ಸನ್ 1999ರ ತಮ್ಮ ಪ್ರಬಂಧದಲ್ಲಿ ತಂಡದ ಕಲಿಕೆಗೆ ಬುನಾದಿ ಎಂದು ತೋರಿಸಿದ್ದರು. 2012ರಲ್ಲಿ ಆರಂಭವಾದ ಗೂಗಲ್‌ನ ಅಧ್ಯಯನವೂ ಸುಮಾರು 180 ತಂಡಗಳನ್ನು ನೋಡಿ, ತಂಡದಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಅವರು ಪರಸ್ಪರ ಹೇಗೆ ನಡೆದುಕೊಳ್ಳುತ್ತಾರೆ ಎಂಬುದೇ ಮುಖ್ಯವೆಂದೂ, ಅದರಲ್ಲಿ ಈ ನಿರ್ಭಯವೇ ಮೊದಲ ಸ್ಥಾನದಲ್ಲಿದೆಯೆಂದೂ ಕಂಡುಕೊಂಡಿತು. ಹಾಗಾಗಿ ಈ ಚಟುವಟಿಕೆಯಲ್ಲಿ ಮೇಲಧಿಕಾರಿ ಇದ್ದರೆ ಅವರು ತಮ್ಮ ಅಭಿಪ್ರಾಯವನ್ನು ಕೊನೆಯಲ್ಲೇ ಹೇಳಬೇಕೆಂದು ಮುಂಚಿತವಾಗಿ ವಿನಂತಿಸಿಕೊಳ್ಳಿ.

ಬೇಡವಾದವು

ಕಣ್ಣುಮುಚ್ಚಿ ಹಿಂದಕ್ಕೆ ಬಿದ್ದು ಸಹೋದ್ಯೋಗಿಗಳು ಹಿಡಿಯುವರೆಂದು ನಂಬುವ ಆಟವನ್ನು ಕೈಬಿಡಿ. ಪೆಟ್ಟಾಗುವ ಅಪಾಯವಿದೆ, ಮೈಮುಟ್ಟುವುದು ಎಲ್ಲರಿಗೂ ಹಿತವಲ್ಲ. ಬಾಲ್ಯದ ನೋವು, ಮನೆಯ ಕಷ್ಟಗಳನ್ನು ಎಲ್ಲರೆದುರು ಹೇಳಿಸುವುದೂ ಬೇಡ. ಓಡುವ, ಹತ್ತುವ ಚಟುವಟಿಕೆಗಳಲ್ಲಿ ಆಗದವರು ಮೂಲೆಯಲ್ಲಿ ನಿಂತು ನೋಡಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ. ಕೆಲಸದ ವೇಳೆಯಲ್ಲೇ ನಡೆಸಿ, ರಜಾದಿನವನ್ನು ಕಸಿಯಬೇಡಿ. ಬರಲೊಲ್ಲದವರನ್ನು ಕಾರಣ ಕೇಳದೆ ಬಿಟ್ಟುಬಿಡಿ.

ಆಟದಷ್ಟೇ ಹೊತ್ತು ಮಾತು

ಅರ್ಧ ಗಂಟೆ ಆಡಿಸಿದರೆ ಅರ್ಧ ಗಂಟೆ ಚರ್ಚೆಗೆ ಮೀಸಲಿಡಿ. ಹೆಚ್ಚಿನ ಕಾರ್ಯಕ್ರಮಗಳು ಸೊರಗುವುದೇ ಇಲ್ಲಿ: ಆಟ ಮುಗಿದೊಡನೆ ಚಪ್ಪಾಳೆ ತಟ್ಟಿ, ಫೋಟೊ ತೆಗೆಸಿಕೊಂಡು ಎಲ್ಲರೂ ಎದ್ದುಬಿಡುತ್ತಾರೆ. ಅಮೆರಿಕದ ಸೇನೆ 1970ರ ದಶಕದಿಂದ ತನ್ನ ತರಬೇತಿಯ ಬಳಿಕ ನಡೆಸುತ್ತಿರುವ ಅವಲೋಕನ ಕ್ರಮದ ನಾಲ್ಕು ಪ್ರಶ್ನೆಗಳು ಕಚೇರಿಗೂ ಚೆನ್ನಾಗಿ ಒಪ್ಪುತ್ತವೆ: ಏನಾಗಬೇಕಿತ್ತು, ಏನಾಯಿತು, ಏಕೆ ಹಾಗಾಯಿತು, ಮುಂದಿನ ಸಲ ಏನು ಮಾಡೋಣ. ಮೊದಲ ಮೂರು ನಿಮಿಷ ಎಲ್ಲರೂ ಮೌನವಾಗಿ ಚೀಟಿಯಲ್ಲಿ ಉತ್ತರ ಬರೆಯಲಿ, ಅನಂತರ ಓದಲಿ. ಮಾತಿನಲ್ಲಿ ಮುಂದಿರುವವರು ದಾರಿ ತೋರಿಸಿ ಉಳಿದವರು ಅದನ್ನೇ ಹಿಡಿಯುವುದು ಇದರಿಂದ ತಪ್ಪುತ್ತದೆ. ನಡೆಸಿಕೊಡುವ ನೀವು ಉತ್ತರ ಹೇಳಬೇಡಿ. ಪ್ರಶ್ನೆ ಕೇಳಿದ ಮೇಲೆ ಹತ್ತು ಸೆಕೆಂಡಿನ ಮೌನ ಬಹಳ ದೀರ್ಘವೆನಿಸುತ್ತದೆ, ಆದರೂ ತಡೆದುಕೊಳ್ಳಿ.

ಚರ್ಚೆಯ ಕೊನೆಗೆ ತಂಡ ಒಂದೇ ಒಂದು ಬದಲಾವಣೆಯನ್ನು ಆರಿಸಿಕೊಳ್ಳಲಿ. ‘ಸಂವಹನ ಸುಧಾರಿಸೋಣ’ ಎಂಬುದು ಬದಲಾವಣೆಯಲ್ಲ. ‘ಕೆಲಸ ಒಪ್ಪಿಸುವಾಗ ಗಡುವಿನ ದಿನ, ವೇಳೆ ಎರಡನ್ನೂ ಬರೆಯೋಣ’ ಎಂಬುದು ಬದಲಾವಣೆ. ಅದನ್ನು ಬೋರ್ಡಿನ ಮೇಲೆ ಬರೆದು, ಯಾರು ನೆನಪಿಸುತ್ತಾರೆ ಎಂಬುದನ್ನೂ ಅಲ್ಲೇ ಗೊತ್ತುಮಾಡಿ.

ಬೇರೆ ಬೇರೆ ಊರುಗಳಿಂದ ಕೆಲಸ ಮಾಡುವ ತಂಡಗಳೂ ಇವನ್ನೆಲ್ಲ ಮಾಡಬಹುದು. ಕ್ಯಾಮೆರಾ ಆಫ್ ಮಾಡಿ ಫೋನಿನಲ್ಲಿ ವಿವರಿಸಿದರೆ ಬೆನ್ನಿಗೆ ಬೆನ್ನು ಕೊಟ್ಟಷ್ಟೇ ಆಯಿತು.

ಆರು ವಾರಗಳಾದ ಮೇಲೆ, ಆರಂಭದಲ್ಲಿ ಮಾತನಾಡಿಸಿದ ಅದೇ ಜನರನ್ನು ಅದೇ ಪ್ರಶ್ನೆಗಳೊಂದಿಗೆ ಮತ್ತೆ ಭೇಟಿ ಮಾಡಿ. ಎರಡು ಸಲ ಮಾಡಬೇಕಾಗಿ ಬಂದ ಕೆಲಸಗಳು ಕಡಿಮೆಯಾಗಿವೆಯೇ ಎಂದು ಹಿಂದಿನ ಟಿಪ್ಪಣಿಯೊಂದಿಗೆ ತಾಳೆ ನೋಡಿ, ಸಿಕ್ಕ ಉತ್ತರವನ್ನು ತಂಡದ ಮುಂದಿಡಿ.